ನಿಂತಾಗ ಮಾತ್ರ ಪಟಾಕಿ: ಹೆಡರ್ ಹಾಕಿಸಿದ ಕಾರೊಂದರ ಐಡಲ್ ಬ್ಯಾಕ್‌ಫೈರ್ ಪತ್ತೆ

ಗಾಡಿ 2018ರ ಬಿಎಸ್4 ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, ಪ್ರತಿ ಪ್ಲಗ್ಗಿಗೂ ಅದರದೇ ಕಾಯಿಲ್. ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇದರಲ್ಲಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ನೋಡುವ ಮ್ಯಾಪ್ ಸೆನ್ಸರ್‌ನಿಂದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಗಾಳಿಯ ಲೆಕ್ಕ ಹಾಕುತ್ತದೆ. ಈ ಒಂದು ಸಂಗತಿ ಇಡೀ ಪತ್ತೆಯ ದಿಕ್ಕನ್ನೇ ಬದಲಿಸುತ್ತದೆ, ಅದಕ್ಕೇ ಮೊದಲು ಹೇಳಿದ್ದು.

ಮಾಲೀಕರು ಬೆಳಗಾವಿಯವರು. ಗಾಡಿಗೆ ಮಾಡಿಸಿದ್ದ ಬದಲಾವಣೆಗಳು ಇವು: ಕೋನ್ ಏರ್ ಫಿಲ್ಟರ್, ಸ್ಟೇನ್‌ಲೆಸ್ 4-2-1 ಹೆಡರ್ (ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಲು ಹಾಕುವ ಪೈಪ್ ಜೋಡಣೆ), ಫ್ರೀ-ಫ್ಲೋ ಸೈಲೆನ್ಸರ್, ಇಸಿಯು ರೀಮ್ಯಾಪ್ (ಅದರ ಪ್ರೋಗ್ರಾಂ ಬದಲಾವಣೆ), ಒಂದು ಹಂತ ‘ಕೋಲ್ಡ್’ (ತುದಿ ಹೆಚ್ಚು ತಣ್ಣಗಿರುವ) ಇರಿಡಿಯಂ ಪ್ಲಗ್. ಈ ಎಂಜಿನ್ನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುವುದರಿಂದ ಹೆಡರ್ ಕೂರಿಸಿದಾಗ ಅದೂ ಹೊರಗೆ ಹೋಗಿತ್ತು. ಎಂಜಿನ್ ಲೈಟ್ ಹತ್ತದಿರಲಿ ಎಂದು ಹಿಂದಿನ ಆಕ್ಸಿಜನ್ ಸೆನ್ಸರ್‌ಗೆ ಸ್ಪೇಸರ್ ಕೊಟ್ಟಿದ್ದರು.

ದೂರು ಹೀಗಿತ್ತು: “ಓಡೂ ಮುಂದ ಏನೂ ಇಲ್ರಿ ಸಾಹೇಬ್ರ. ಟಿಳಕವಾಡಿ ಗೇಟ್‌ನ್ಯಾಗ ನಿಂತ್ರ ನಾಕೈದ್ ನಿಮಿಷಕ್ಕ ಹಿಂದ ಪಟ್ ಪಟ್ ಅಂತೈತ್ರಿ. ಎ.ಸಿ. ಹಾಕಿದ್ರ ಕಡಿಮಿ ಆಗ್ತೈತಿ. ಒಂದೊಂದ್ ದಿನ ಏನೂ ಇರೂದಿಲ್ಲ.”

ಇದನ್ನು ಹೀಗೇ, ಮಾಲೀಕರ ಬಾಯಿಂದ ಬಂದಂತೆಯೇ ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ‘ಬ್ಯಾಕ್‌ಫೈರ್’ ಎಂದಷ್ಟೇ ಬರೆದರೆ ಮೂರು ಸುಳಿವು ಕಳೆದುಹೋಗುತ್ತವೆ. ಗಾಡಿ ರೈಲ್ವೆ ಗೇಟಿನಲ್ಲಿ ನಿಂತ ತಕ್ಷಣ ಸದ್ದು ಬರುವುದಿಲ್ಲ, ನಾಲ್ಕೈದು ನಿಮಿಷ ಬೇಕು. ಲೋಡ್ ಬಿದ್ದರೆ ಕಡಿಮೆಯಾಗುತ್ತದೆ. ದಿನಕ್ಕೊಂದು ಥರ ಇರುತ್ತದೆ. ಕೊನೆಗೆ ಉತ್ತರ ಸಿಕ್ಕಿದ್ದು ಈ ಮೂರರಲ್ಲೇ.

ಗಾಡಿ ನಮ್ಮಲ್ಲಿಗೆ ಬರುವ ಮೊದಲು ಬೇರೆ ಕಡೆ ಕಾಯಿಲ್ ಬದಲಾಗಿತ್ತು, ಇಂಜೆಕ್ಟರ್ ಕ್ಲೀನಿಂಗ್ ಆಗಿತ್ತು, ಮುಂದಿನ ಆಕ್ಸಿಜನ್ ಸೆನ್ಸರ್ ಹೊಸದು ಬಿದ್ದಿತ್ತು, ಪ್ಲಗ್ ಸೆಟ್ ಎರಡು ಸಲ ಬದಲಾಗಿತ್ತು. ಪ್ಲಗ್ ಹಾಕಿದಾಗಲೆಲ್ಲ ಒಂದು ವಾರ ಸದ್ದು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರು. ಪ್ಲಗ್ ಕಂಪನಿಯದೇ ದೋಷ ಎಂಬ ತೀರ್ಮಾನಕ್ಕೆ ಬಂದಿದ್ದರು.

ಸದ್ದು ಯಾವ ತುದಿಯದು

ಬ್ಯಾಕ್‌ಫೈರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಏರ್ ಫಿಲ್ಟರ್ ಕಡೆ ‘ಫಟ್’ ಎಂದರೆ ಇನ್‌ಟೇಕ್ ವಾಲ್ವ್ ತೆರೆದಿರುವಾಗಲೇ ಬೆಂಕಿ ಹಿಂದಕ್ಕೆ ಬಂದಿದೆ: ಗಾಳಿ-ಪೆಟ್ರೋಲ್ ಮಿಶ್ರಣ ತೀರಾ ಲೀನ್ (ಪೆಟ್ರೋಲ್ ಕಡಿಮೆ) ಆಗಿ ನಿಧಾನಕ್ಕೆ ಉರಿಯುವುದು, ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರದಿರುವುದು, ಕ್ಯಾಮ್ ಟೈಮಿಂಗ್ ತಪ್ಪಿರುವುದು ಇಂಥವು. ಸೈಲೆನ್ಸರ್ ಕಡೆಯ ಸದ್ದಾದರೆ ಉರಿಯದ ಪೆಟ್ರೋಲ್ ಪೈಪಿಗೆ ಬಂದು ಅಲ್ಲಿ ಹೊತ್ತಿಕೊಂಡಿದೆ. ಕಿವಿ ಇಲ್ಲಿ ಮೋಸ ಹೋಗುತ್ತದೆ, ಫ್ರೀ-ಫ್ಲೋ ಇರುವ ಗಾಡಿಯಲ್ಲಂತೂ ಇನ್ನೂ ಹೆಚ್ಚು. ಒಂದು ಮೊಬೈಲ್ ಫಿಲ್ಟರ್ ಪಕ್ಕ, ಇನ್ನೊಂದು ಸೈಲೆನ್ಸರ್ ತುದಿಯಿಂದ ಒಂದಡಿ ಆಚೆ ಇಟ್ಟು ಏಕಕಾಲಕ್ಕೆ ರೆಕಾರ್ಡ್ ಮಾಡಿದರೆ ಯಾವುದರಲ್ಲಿ ಸದ್ದು ಮೊದಲು ಮತ್ತು ಜೋರು ಎಂಬುದು ತಿಳಿಯುತ್ತದೆ. ಈ ಗಾಡಿಯದು ಸ್ಪಷ್ಟವಾಗಿ ಹಿಂದಿನದು.

ಸೈಲೆನ್ಸರ್ ತುದಿಗೆ ತೆಳು ಕಾಗದದ ಪಟ್ಟಿ ಹಿಡಿದರೆ ಒಂದೇ ಸಮ ಹೊರಗೆ ಬಡಿಯಬೇಕು. ಇಲ್ಲಿ ಸದ್ದು ಬರುವ ಮುಂಚೆ ಪಟ್ಟಿ ಆಗೊಮ್ಮೆ ಈಗೊಮ್ಮೆ ತಟ್ಟನೆ ಒಳಕ್ಕೆ ಎಳೆಯುತ್ತಿತ್ತು. ಅಂದರೆ ಮಿಸ್ಸಿಂಗ್ ಇದೆ, ಆಗಾಗ ಸಿಲಿಂಡರ್‌ನಲ್ಲಿ ಮಿಶ್ರಣ ಉರಿಯದೆ ಹೋಗುತ್ತಿದೆ. ಎಳೆತಕ್ಕೆ ನಿಯಮಿತ ತಾಳವಿದ್ದರೆ ಒಂದೇ ಸಿಲಿಂಡರ್ ಅಥವಾ ಸುಟ್ಟ ಎಕ್ಸಾಸ್ಟ್ ವಾಲ್ವ್ ಮೇಲೆ ಅನುಮಾನ ಹೋಗಬೇಕಿತ್ತು. ಇದಕ್ಕೆ ತಾಳವಿರಲಿಲ್ಲ. ಸ್ಕ್ಯಾನರ್‌ನಲ್ಲೂ ಮಿಸ್‌ಫೈರ್ ಎಣಿಕೆ ನಾಲ್ಕೂ ಸಿಲಿಂಡರ್‌ಗಳಿಗೆ ಹಂಚಿಹೋಗಿತ್ತು, ಪಿ0300 (ಒಂದೇ ಸಿಲಿಂಡರ್‌ಗೆ ಸೀಮಿತವಲ್ಲದ ಮಿಸ್‌ಫೈರ್‌ನ ಕೋಡ್) ಪೆಂಡಿಂಗ್‌ನಲ್ಲಿತ್ತು. ಒಂದೇ ಕಾಯಿಲ್, ಒಂದೇ ಇಂಜೆಕ್ಟರ್ ಹಿಂದೆ ಬೀಳುವ ಕೆಲಸ ಅಲ್ಲಿಗೆ ಮುಗಿಯಿತು.

ಪೈಪಿನಲ್ಲಿ ಪಟಾಕಿ ಸಿಡಿಯಲು ಪೆಟ್ರೋಲ್, ಆಮ್ಲಜನಕ, ಕಿಡಿ ಮೂರೂ ಬೇಕು. ಕಿಡಿಗೆ ಪಕ್ಕದ ಸಿಲಿಂಡರ್‌ನ ಬಿಸಿ ಹೊಗೆಯೇ ಸಾಕು. ಪೆಟ್ರೋಲ್ ಮಿಸ್ಸಿಂಗ್‌ನಿಂದ ಬರುತ್ತದೆ. ಮಿಸ್ ಆದ ಸಿಲಿಂಡರ್ ತನ್ನ ಗಾಳಿಯನ್ನೂ ತರುತ್ತದೆ ನಿಜ, ಆದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಆ ಪ್ರಮಾಣ ಕಡಿಮೆ, ಅದೂ ಸುಟ್ಟ ಹೊಗೆಯಲ್ಲಿ ಕಲಸಿಹೋಗುತ್ತದೆ. ಇಷ್ಟು ಜೋರಾಗಿ ಸಿಡಿಯುತ್ತಿದೆ ಎಂದರೆ ಬೇರೆ ಗಾಳಿ ಎಲ್ಲಿಂದಲೋ ಸೇರುತ್ತಿದೆಯೇ ಎಂದು ನೋಡಲೇಬೇಕು.

ಪ್ಲಗ್ ಒಂದು ಹೇಳಿದರೆ ಇಸಿಯು ಇನ್ನೊಂದು ಹೇಳಿತು

ಪ್ಲಗ್ ಬಿಚ್ಚಿದರೆ ನಾಲ್ಕೂ ಒಣ ಮಸಿಯಿಂದ ಕಪ್ಪು. ಹಿಂದೆ ನಿಂತರೆ ಪೆಟ್ರೋಲ್ ವಾಸನೆ. ಎಂಜಿನ್ ರಿಚ್ (ಪೆಟ್ರೋಲ್ ಹೆಚ್ಚು) ಓಡುತ್ತಿದೆ ಎಂದು ಇವು ಹೇಳುತ್ತವೆ. ಆದರೆ ಸ್ಕ್ಯಾನರ್ ನೋಡಿ: ಐಡಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ +12%, ಶಾರ್ಟ್ ಟರ್ಮ್ +3ರಿಂದ +6%. ಟ್ರಿಮ್ ಎಂದರೆ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲ್‌ನಲ್ಲಿ ಮಾಡುವ ಹೆಚ್ಚು ಕಡಿಮೆ; ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಕಲಿತು ಉಳಿಸಿಕೊಂಡದ್ದು. ಇಸಿಯು ಕಣ್ಣಿಗೆ ಮಿಶ್ರಣ ಲೀನ್ ಆಗಿದೆ, ಅದಕ್ಕೇ ಸುಮಾರು 16% ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. 2500 ಆರ್‌ಪಿಎಂಗೆ ಏರಿಸಿದರೆ ಎರಡೂ ಸೇರಿ +3% ಮಾತ್ರ. ಪಿ0171 (ಮಿಶ್ರಣ ಲೀನ್ ಎಂಬ ಕೋಡ್) ಬೀಳುವಷ್ಟು ಮಿತಿ ದಾಟಿಲ್ಲ, ಹಾಗಾಗಿ ಲೈಟ್ ಇಲ್ಲ. ಲೈಟ್ ಇಲ್ಲದ್ದನ್ನೇ ಎಲ್ಲ ಸರಿ ಎಂದುಕೊಂಡಿದ್ದರಿಂದ ಹಿಂದಿನ ರಿಪೇರಿಗಳು ದಾರಿ ತಪ್ಪಿದ್ದವು.

ಇಂಥ ಕಡೆ ನಮ್ಮ ನಿಲುವು ಖಡಕ್. ಪ್ಲಗ್ ಮತ್ತು ಸೆನ್ಸರ್ ಒಂದಕ್ಕೊಂದು ವಿರುದ್ಧ ಹೇಳಿದರೆ ಪ್ಲಗ್ಗನ್ನು ನಂಬಬೇಕು. ಪ್ಲಗ್ ಇರುವುದು ಉರಿಯುವ ಜಾಗದಲ್ಲಿ. ಆಕ್ಸಿಜನ್ ಸೆನ್ಸರ್ ಇರುವುದು ಅಲ್ಲಿಂದ ಒಂದೂವರೆ ಅಡಿ ಕೆಳಗೆ, ಅದಕ್ಕೆ ಪೆಟ್ರೋಲ್ ಕಾಣುವುದೇ ಇಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. ಎರಡರ ನಡುವೆ ಹೊರಗಿನ ಗಾಳಿ ಸೇರಿದರೆ ಹೊಚ್ಚ ಹೊಸ ಸೆನ್ಸರ್ ಕೂಡ ಲೀನ್ ಎಂದೇ ಹೇಳುತ್ತದೆ.

ಇದನ್ನು ಖಚಿತ ಮಾಡಿದ್ದು ಗ್ಯಾಸ್ ಅನಲೈಸರ್. ಹೊಗೆ ತಪಾಸಣೆ ಕೇಂದ್ರದ ಯಂತ್ರವನ್ನು ಸರ್ಟಿಫಿಕೇಟಿಗಷ್ಟೇ ಬಳಸುತ್ತೇವೆ. ಪತ್ತೆಗೆ ಅದರಷ್ಟು ಒಳ್ಳೆಯ ಸಾಧನ ಕಡಿಮೆ. ಸದ್ದು ಬರುತ್ತಿರುವಾಗ ಐಡಲ್ ರೀಡಿಂಗ್: ಕಾರ್ಬನ್ ಮೊನಾಕ್ಸೈಡ್ 3.8%, ಕಾರ್ಬನ್ ಡೈಆಕ್ಸೈಡ್ 10.1%, ಆಮ್ಲಜನಕ 3.2%, ಹೈಡ್ರೋಕಾರ್ಬನ್ 740 ಪಿಪಿಎಂ. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲ್ ಮಿತಿ ಮೊನಾಕ್ಸೈಡ್ 0.3%, ಹೈಡ್ರೋಕಾರ್ಬನ್ 200 ಪಿಪಿಎಂ ಎಂಬುದನ್ನು ನೆನಪಿಟ್ಟು ಇದನ್ನು ಓದಬೇಕು.

ಮೊನಾಕ್ಸೈಡ್ ಇಷ್ಟು ಏರಿದೆ ಎಂದರೆ ಒಳಗೆ ಆಮ್ಲಜನಕ ಸಾಕಾಗದೆ ಉರಿದಿದೆ. ಹಾಗೆ ಉರಿದ ಹೊಗೆಯಲ್ಲಿ 3.2% ಆಮ್ಲಜನಕ ಉಳಿಯುವಂತಿಲ್ಲ. ಮಿಸ್ಸಿಂಗ್‌ನಿಂದ ಸ್ವಲ್ಪ ಬರಬಹುದು, ಇಷ್ಟು ಬರಬೇಕಾದರೆ ಹೈಡ್ರೋಕಾರ್ಬನ್ ಸಾವಿರಗಟ್ಟಲೆ ಇರಬೇಕಿತ್ತು. ಉಳಿದದ್ದು ಹೊರಗಿನ ಗಾಳಿ. ಅದೇ ಪರದೆಯ ಮೇಲೆ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ, 1 ಎಂದರೆ ಸರಿಯಾದ ಮಿಶ್ರಣ) 1.00 ಎಂದು ತೋರಿಸುತ್ತಿತ್ತು! ಹೊಗೆಯಲ್ಲಿರುವ ಎಲ್ಲ ಅನಿಲಗಳಿಂದ ಯಂತ್ರ ಲ್ಯಾಂಬ್ಡಾ ಲೆಕ್ಕ ಹಾಕುತ್ತದೆ, ಸೋರಿ ಬಂದ ಗಾಳಿಯೂ ಆ ಲೆಕ್ಕದಲ್ಲಿ ಸೇರಿಬಿಡುತ್ತದೆ. ಇಸಿಯು ಸಹ ಅದೇ ಮೊತ್ತವನ್ನು 1.00ಕ್ಕೆ ತಂದು ನಿಲ್ಲಿಸಿತ್ತು. ಲ್ಯಾಂಬ್ಡಾ ಅಂಕಿ ಒಂದನ್ನೇ ನೋಡಿ ‘ಟ್ಯೂನಿಂಗ್ ಪರ್ಫೆಕ್ಟ್’ ಎನ್ನುವವರು ಈ ಗಾಡಿಯಲ್ಲಿ ಖಂಡಿತ ಮೋಸ ಹೋಗುತ್ತಾರೆ.

ತಳ್ಳಿಹಾಕಿದ ಅನುಮಾನಗಳು

ಇನ್‌ಟೇಕ್ ಕಡೆ ವ್ಯಾಕ್ಯೂಮ್ ಲೀಕ್ ಇದ್ದರೂ ಐಡಲ್‌ನಲ್ಲಿ ಟ್ರಿಮ್ ಏರುತ್ತದೆ ಎಂದು ಅನೇಕರು ಹೇಳುತ್ತಾರೆ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗೆ ಅದು ನಿಜ, ಏಕೆಂದರೆ ಸೆನ್ಸರ್ ದಾಟಿದ ಮೇಲೆ ಸೇರಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಮ್ಯಾಪ್ ಗಾಡಿಯಲ್ಲಿ ಹಾಗಲ್ಲ. ಲೀಕ್ ಆದ ಗಾಳಿ ಮ್ಯಾನಿಫೋಲ್ಡ್ ಒತ್ತಡವನ್ನು ಏರಿಸುತ್ತದೆ, ಇಸಿಯು ಅದನ್ನೂ ಎಣಿಸಿ ಪೆಟ್ರೋಲ್ ಕೊಡುತ್ತದೆ, ಟ್ರಿಮ್ ಹೆಚ್ಚೇನೂ ಕದಲದೆ ಐಡಲ್ ಏರುತ್ತದೆ. ಇಲ್ಲಿ ಐಡಲ್ ಏರಿರಲಿಲ್ಲ, ಮ್ಯಾಪ್ 34 ಕೆಪಿಎ ಹತ್ತಿರ ಸ್ಥಿರವಾಗಿತ್ತು.

ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಕೀಲಿ ಆನ್ ಇದ್ದು ಎಂಜಿನ್ ಬಂದ್ ಇರುವಾಗ ಮ್ಯಾಪ್ ಇಲ್ಲಿ 92–93 ಕೆಪಿಎ ತೋರಿಸಬೇಕು. ಪುಸ್ತಕದ 101 ಬರಲಿಲ್ಲವೆಂದು ಸೆನ್ಸರ್ ಬದಲಿಸಬಾರದು. ವ್ಯಾಕ್ಯೂಮ್ ಗೇಜ್ ಕೂಡ ಕರಾವಳಿಗಿಂತ ಎರಡೂವರೆ ಇಂಚು ಕಡಿಮೆಯೇ ಬರುತ್ತದೆ. ಇಲ್ಲಿ 17 ಇಂಚಿಗೆ ಮುಳ್ಳು ಅಲುಗದೆ ನಿಂತರೆ ವಾಲ್ವುಗಳ ಬಗ್ಗೆ ಚಿಂತೆ ಬೇಡ. ಈ ಗಾಡಿಯಲ್ಲಿ ಮಿಸ್ ಆದಾಗ ಬಿಟ್ಟರೆ ಮುಳ್ಳು ಅಲುಗಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಐಡಲ್‌ನಲ್ಲಿ ರಿಚ್ ಆಗುತ್ತದೆ. ಆದರೆ ಆಗ ಟ್ರಿಮ್ ಮೈನಸ್‌ಗೆ ಹೋಗಬೇಕು. ಆದರೂ ಹೋಸ್ ಮಡಚಿ ಹಿಡಿದು ನೋಡಲಾಯಿತು, ವ್ಯತ್ಯಾಸವಿಲ್ಲ. ಪೆಟ್ರೋಲ್ ಪ್ರೆಷರ್ ಕಡಿಮೆಯಿದ್ದರೆ ಟ್ರಿಮ್ ಲೋಡ್ ಬಿದ್ದಷ್ಟೂ ಏರಬೇಕು, ಇಲ್ಲಿ ಇಳಿಯುತ್ತಿತ್ತು. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚು ಕಡಿಮೆ ಸಮ.

ರೀಮ್ಯಾಪ್ ಮೇಲೆ ಎಲ್ಲರಿಗೂ ಅನುಮಾನವಿತ್ತು. ಆಕ್ಸಿಲರೇಟರ್ ಬಿಟ್ಟಾಗ ಸದ್ದು ಬರಲೆಂದೇ ಅದರಲ್ಲಿ ಟೈಮಿಂಗ್ ಹಿಂದಕ್ಕೆ ತಳ್ಳಿ ಪೆಟ್ರೋಲ್ ಬಿಡುವ ವ್ಯವಸ್ಥೆ ಮಾಡಿದ್ದರು. ಅದು ರೇಸ್ ಇಳಿಯುವಾಗಿನ ಸದ್ದು, ಐಡಲ್ ಬೇರೆ. ಬಾಯಿ ಮಾತಿಗಿಂತ ಪರೀಕ್ಷೆ ಮೇಲೆಂದು ಕಂಪನಿಯ ಮೂಲ ಫೈಲ್ ಹಾಕಿ ನೋಡಿದ್ದಾಯಿತು. ಇಳಿಯುವಾಗಿನ ಸದ್ದು ನಿಂತಿತು, ಐಡಲ್ ಪಟಾಕಿ ಹಾಗೇ ಉಳಿಯಿತು. ಮುಂದಿನ ಎಲ್ಲ ಪರೀಕ್ಷೆಯೂ ಮೂಲ ಫೈಲ್ ಮೇಲೆಯೇ.

ಸೆನ್ಸರ್ ಕಳಚಿಟ್ಟು ನೋಡುವ ಪರೀಕ್ಷೆ

ಕಾಲು ಗಂಟೆಯ ಕೆಲಸ, ಖರ್ಚಿಲ್ಲ. ಮೊದಲು ಸ್ಕ್ಯಾನರ್‌ನಿಂದ ಕಲಿತ ಟ್ರಿಮ್‌ಗಳನ್ನು ಸೊನ್ನೆ ಮಾಡಬೇಕು; ಇದನ್ನು ಬಿಟ್ಟರೆ ಹಳೆಯ +12% ಓಪನ್ ಲೂಪ್‌ನಲ್ಲೂ (ಸೆನ್ಸರ್ ಮಾತು ಕೇಳದೆ ಓಡುವಾಗಲೂ) ಮುಂದುವರಿದು ಪರೀಕ್ಷೆ ಸುಳ್ಳಾಗುತ್ತದೆ. ಆಮೇಲೆ ಮುಂದಿನ ಆಕ್ಸಿಜನ್ ಸೆನ್ಸರ್‌ನ ಕಪ್ಲರ್ ಬಿಚ್ಚಿ ಎಂಜಿನ್ ಚಾಲೂ ಮಾಡಿ ಐಡಲ್‌ಗೆ ಬಿಡಬೇಕು. ಸೆನ್ಸರ್ ಇಲ್ಲದ ಕಾರಣ ಇಸಿಯು ತನ್ನ ಕೋಷ್ಟಕದಲ್ಲಿರುವಷ್ಟೇ ಪೆಟ್ರೋಲ್ ಕೊಡುತ್ತದೆ. ಎಂಜಿನ್ ಲೈಟ್ ಹತ್ತುತ್ತದೆ, ಆಮೇಲೆ ಅಳಿಸಿದರಾಯಿತು.

ಅದೇ ಮಸಿ ಹಿಡಿದ ಪ್ಲಗ್‌ಗಳಲ್ಲೇ ಗಾಡಿ ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಓಡಿತು. ಮೊನಾಕ್ಸೈಡ್ 0.9%ಕ್ಕೆ ಇಳಿಯಿತು, ಪಟಾಕಿ ಬಹುತೇಕ ನಿಂತಿತು. ಆಮ್ಲಜನಕ ಮಾತ್ರ 3% ಆಸುಪಾಸಿನಲ್ಲೇ ಇತ್ತು. ಕಪ್ಲರ್ ಮತ್ತೆ ಕೂರಿಸಿದಾಗ ಶಾರ್ಟ್ ಟರ್ಮ್ ನಿಧಾನಕ್ಕೆ ಏರತೊಡಗಿತು, ಕೆಲ ನಿಮಿಷಗಳಲ್ಲಿ ಸದ್ದೂ ವಾಪಸ್ಸು. ಇಸಿಯು ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಅದಕ್ಕೆ ಸಿಗುತ್ತಿದ್ದ ವರದಿ ತಪ್ಪು.

ಸೋರುವ ಜಾಗ

ಎಕ್ಸಾಸ್ಟ್‌ನಲ್ಲಿ ಒತ್ತಡವಿರುತ್ತದಲ್ಲ, ಹೊಗೆ ಹೊರಗೆ ಹೋಗಬೇಕೇ ಹೊರತು ಗಾಳಿ ಒಳಗೆ ಹೇಗೆ ಬಂದೀತು ಎಂಬ ಪ್ರಶ್ನೆ ಸಹಜ. ಪೈಪಿನಲ್ಲಿ ಒತ್ತಡ ಒಂದೇ ಸಮ ಇರುವುದಿಲ್ಲ. 750 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 25 ಸಲ ಹೊಗೆ ತಳ್ಳುತ್ತದೆ. ಪ್ರತಿ ತಳ್ಳಿನ ಹಿಂದೆ ಒಂದು ಎಳೆತದ ಅಲೆ ಬರುತ್ತದೆ, ಆ ಕ್ಷಣ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಸಂದು ಇದ್ದರೆ ಗಾಳಿ ನುಗ್ಗುತ್ತದೆ. ರೇಸ್ ಏರಿಸಿದಾಗ ಹೊಗೆಯ ಪ್ರಮಾಣ ಹೆಚ್ಚಿ ಸರಾಸರಿ ಒತ್ತಡ ಮೇಲೇಳುತ್ತದೆ, ನುಗ್ಗುವ ಗಾಳಿಯ ಪಾಲು ಕರಗುತ್ತದೆ. ಐಡಲ್‌ನಲ್ಲಿ +16%, 2500ರಲ್ಲಿ +3%, ಎ.ಸಿ. ಹಾಕಿದರೆ ಕಡಿಮೆ ಎಂಬ ಮೂರಕ್ಕೂ ಇದೇ ಕಾರಣ. ಹೆಡರ್ ಚೆನ್ನಾಗಿ ಕೆಲಸ ಮಾಡುವುದೇ ಈ ಎಳೆತದ ಅಲೆಯಿಂದ, ಆದ್ದರಿಂದ ಹೆಡರ್ ಇರುವ ಗಾಡಿಯಲ್ಲಿ ಸಣ್ಣ ಸಂದಿಗೂ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಸೋರಿಕೆ ಹುಡುಕುವುದು ಎಂಜಿನ್ ಪೂರ್ತಿ ತಣ್ಣಗಿರುವಾಗ. ರಾತ್ರಿಯಿಡೀ ನಿಂತ ಗಾಡಿಯ ಸೈಲೆನ್ಸರ್ ತುದಿಗೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿ ಇಟ್ಟು ಬಟ್ಟೆ ಸುತ್ತಿ, ಹೆಡರ್‌ನ ಫ್ಲೇಂಜ್ (ಎಂಜಿನ್ ಹೆಡ್‌ಗೆ ಬಿಗಿಯುವ ಚಪ್ಪಟೆ ಪಟ್ಟಿ), ವೆಲ್ಡ್, ಸೆನ್ಸರ್ ಕೂರುವ ಬಾಸ್ ಎಲ್ಲಕ್ಕೂ ಸೋಪಿನ ನೀರು ಬಿಡಬೇಕು. ಸ್ಮೋಕ್ ಮಷೀನ್ ಇದ್ದರೆ ಇನ್ನೂ ಸಲೀಸು. ಕಾರ್ಬ್ ಕ್ಲೀನರ್ ಹೊಡೆದು ಹುಡುಕುವ ರೂಢಿ ಕೆಲವರಲ್ಲಿದೆ. ಬಿಸಿ ಹೆಡರ್ ಹತ್ತಿರ ಅದು ನೇರವಾಗಿ ಬೆಂಕಿಗೆ ಆಹ್ವಾನ, ಮಾಡಲೇಬಾರದು.

ನಾಲ್ಕನೇ ಸಿಲಿಂಡರ್‌ನ ಕೆಳಗಿನ ಸ್ಟಡ್ ಬಳಿ ನೊರೆ ಎದ್ದಿತು. ಟಾರ್ಚ್ ಹಿಡಿದಾಗ ಫ್ಲೇಂಜ್ ಅಂಚಿನಲ್ಲಿ ಕಪ್ಪು ಗೆರೆಯೂ ಕಂಡಿತು. ಹೆಡರ್ ಬಿಚ್ಚಿ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿದರೆ ಆ ತುದಿಯಲ್ಲಿ 0.45 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಒಳಗೆ ಹೋಯಿತು. ಸಾಮಾನ್ಯವಾಗಿ 0.10–0.15 ಮಿ.ಮೀ. ದಾಟಿದರೇ ಮುಖ ಸಪಾಟು ಮಾಡಿಸಬೇಕು.

ಫ್ಲೇಂಜ್ ಡೊಂಕಾಗಲು ಕಾರಣವೂ ಅಲ್ಲೇ ಇತ್ತು. ಮೂಲ ಮ್ಯಾನಿಫೋಲ್ಡನ್ನು ಎಂಜಿನ್ ಬ್ಲಾಕಿಗೆ ಹಿಡಿದಿಡುವ ಬ್ರಾಕೆಟ್ ಹೆಡರ್‌ಗೆ ಹೊಂದಲಿಲ್ಲವೆಂದು ತೆಗೆದುಹಾಕಿದ್ದರು. ಎಂಜಿನ್ ಮೌಂಟಿಂಗ್ ಮೇಲೆ ಅಲುಗುವಾಗ ಹೊಡೆತ ತಿನ್ನಬೇಕಾದ ಬೆಲ್ಲೋಸ್ (ಬಾಗುವ ಪೈಪ್ ತುಂಡು) ಜಾಗದಲ್ಲಿ ನೇರ ಪೈಪ್ ವೆಲ್ಡ್ ಆಗಿತ್ತು. ಹೀಗಾಗಿ ಇಡೀ ಪೈಪಿನ ಭಾರ ಮತ್ತು ಎಂಜಿನ್‌ನ ಪ್ರತಿ ಅಲುಗಾಟ ಆ ತೆಳು ಫ್ಲೇಂಜಿನ ಕೊನೆಯ ಸ್ಟಡ್ ಮೇಲೆ ಬಿದ್ದಿತ್ತು.

ಹೆದ್ದಾರಿಯಲ್ಲಿ ಓಡುವಾಗ ಹೆಡರ್ ಕೆಂಪಗೆ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಗೇಟಿನಲ್ಲಿ ನಿಂತಾಗ ಹೊಗೆಯ ಶಾಖ ಇಳಿದು ಲೋಹ ಕುಗ್ಗಿ, ನಾಲ್ಕೈದು ನಿಮಿಷಕ್ಕೆ ಸಂದು ತೆರೆಯುತ್ತದೆ. ಸೆನ್ಸರ್‌ಗೆ ಗಾಳಿ ಕಾಣುತ್ತದೆ, ಟ್ರಿಮ್ ಏರುತ್ತದೆ, ಪ್ಲಗ್ಗಿಗೆ ಮಸಿ ಕೂರುತ್ತದೆ, ಮಿಸ್ ಆಗುತ್ತದೆ, ಮಿಸ್ ಆದ ಪೆಟ್ರೋಲ್ ಸೋರಿದ ಗಾಳಿಯ ಜೊತೆ ಪೈಪಿನಲ್ಲಿ ಸಿಡಿಯುತ್ತದೆ. ಮಿಸ್ ಆದ ಸಿಲಿಂಡರ್‌ನ ಆಮ್ಲಜನಕವೂ ಸೆನ್ಸರ್‌ಗೆ ಲೀನ್ ಎಂದೇ ಕಾಣುವುದರಿಂದ ಇಸಿಯು ಇನ್ನಷ್ಟು ಪೆಟ್ರೋಲ್ ಸೇರಿಸುತ್ತದೆ. ದಿನಕ್ಕೊಂದು ಥರ ಇದ್ದದ್ದು ಲಾಂಗ್ ಟರ್ಮ್ ಟ್ರಿಮ್‌ನಿಂದ: ನಿನ್ನೆ ಎಷ್ಟು ಹೊತ್ತು ಸಂದು ತೆರೆದು ನಿಂತಿತ್ತೋ ಅಷ್ಟು ರಿಚ್ ಪಾಠ ಇವತ್ತಿಗೂ ಉಳಿದಿರುತ್ತದೆ.

ಕೋಲ್ಡ್ ಪ್ಲಗ್ ಈ ಸರಪಳಿಯನ್ನು ಬಿಗಿ ಮಾಡಿತ್ತು. ಪ್ಲಗ್ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಕೋಲ್ಡ್ ಪ್ಲಗ್ ಪೇಟೆ ಓಡಾಟದಲ್ಲಿ ಆ ಶಾಖ ಮುಟ್ಟುವುದು ಕಷ್ಟ. ಟರ್ಬೋ ಇಲ್ಲದ, ಕಂಪ್ರೆಷನ್ ಏರಿಸದ ಎಂಜಿನ್‌ಗೆ ಅದರ ಅಗತ್ಯವೇ ಇರಲಿಲ್ಲ. ಹೊಸ ಪ್ಲಗ್ ಹಾಕಿದಾಗ ಒಂದು ವಾರ ಸದ್ದು ನಿಲ್ಲುತ್ತಿದ್ದುದೂ ಇದಕ್ಕೇ, ಮಸಿ ಕೂರಲು ಅಷ್ಟು ದಿನ ಬೇಕಿತ್ತು. ಹೀಟ್ ರೇಂಜ್ ಅಂಕಿ ಓದುವಾಗ ಎಚ್ಚರವಿರಲಿ: ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಕೋಲ್ಡ್, ಬಾಷ್‌ನಲ್ಲಿ ಅಂಕಿ ಇಳಿದಷ್ಟೂ ಕೋಲ್ಡ್.

ರಿಪೇರಿ

ಹೆಡರ್ ಇಟ್ಟುಕೊಳ್ಳಬೇಕೆಂಬುದು ಮಾಲೀಕರ ಆಸೆ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಗಾಡಿ ರಸ್ತೆಗೆ ಯೋಗ್ಯವಲ್ಲ ಎಂಬುದನ್ನು ಅವರಿಗೆ ನೇರವಾಗಿ ಹೇಳಬೇಕಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಗಳಿಂದ ದೂರ ಹೋಗುವ ಬದಲಾವಣೆಗೆ ತಡೆ ಹಾಕುತ್ತದೆ. ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ 190(2)ರಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ, ಜೈಲಿಗೂ ಅವಕಾಶವಿದೆ. ಅವರು ಒಪ್ಪಿ ಅಟ್ಟದ ಮೇಲಿಟ್ಟಿದ್ದ ಮೂಲ ಮ್ಯಾನಿಫೋಲ್ಡ್ ತಂದುಕೊಟ್ಟರು.

ಆದರೂ ಮೊದಲು ಹೆಡರ್ ಮೇಲೆಯೇ ದೋಷ ಸಾಬೀತು ಮಾಡಿಕೊಳ್ಳಲಾಯಿತು. ಸರಿಯಾದ ಕಾರಣ ಸಿಕ್ಕಿದೆಯೇ ಎಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಯಾಕೆ ನಿಂತಿತೆಂದು ಗೊತ್ತಾಗುವುದಿಲ್ಲ. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಫ್ಲೇಂಜ್ ಮುಖವನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಹೊಸ ಸ್ಟೀಲ್ ಪ್ಯಾಕಿಂಗ್ ಹಾಕಿ, ಹಳೆಯ ಕಪ್ಪು ಪ್ಲಗ್‌ಗಳನ್ನೇ ಒರೆಸಿ ಕೂರಿಸಿ, ಟ್ರಿಮ್ ಸೊನ್ನೆ ಮಾಡಿ ಓಡಿಸಲಾಯಿತು. ಐಡಲ್ ಒಟ್ಟು ಟ್ರಿಮ್ +2%, ಆಮ್ಲಜನಕ 0.8%, ಪಟಾಕಿ ಇಲ್ಲ. ಇಷ್ಟು ಕಂಡ ಮೇಲೆ ಹೆಡರ್ ಇಳಿಸಿ ಮೂಲ ಮ್ಯಾನಿಫೋಲ್ಡ್, ಅದರ ಬ್ರಾಕೆಟ್, ಹೊಸ ಬೆಲ್ಲೋಸ್, ಕಂಪನಿ ಹೇಳಿದ ಹೀಟ್ ರೇಂಜಿನ ಪ್ಲಗ್ ಕೂರಿಸಿದ್ದು. ಕ್ರಮವೂ ಮುಖ್ಯ: ಮಿಸ್ಸಿಂಗ್ ಇರುವ ಎಂಜಿನ್‌ಗೆ ಕನ್ವರ್ಟರ್ ಹಾಕಿದರೆ ಉರಿಯದ ಪೆಟ್ರೋಲ್ ಅದರೊಳಗೆ ಉರಿದು ಸೆರಾಮಿಕ್ ಜಾಲರಿ ಕರಗಿ ಕೂರುತ್ತದೆ.

ಪ್ಯಾಕಿಂಗ್ ಜಾಗಕ್ಕೆ ಸಿಲಿಕಾನ್ ಪೇಸ್ಟ್ ಬಳಿಯಬಾರದು. ಆ ಶಾಖಕ್ಕೆ ಅದು ಸುಟ್ಟುಹೋಗುತ್ತದೆ, ಅದರ ಆವಿ ಆಕ್ಸಿಜನ್ ಸೆನ್ಸರ್ ತುದಿಗೆ ಹತ್ತಿ ಸೆನ್ಸರನ್ನೇ ಕೆಡಿಸುತ್ತದೆ. ಹೆಡ್‌ನ ಮುಖದಿಂದ ಹಳೆ ಪ್ಯಾಕಿಂಗ್ ಕೆರೆಯುವಾಗ ಅಲ್ಯೂಮಿನಿಯಂಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಬೇಕು. ನಟ್‌ಗಳನ್ನು ನಡುವಿನಿಂದ ಆಚೆಗೆ ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಂ8 ನಟ್‌ಗೆ ಸಾಮಾನ್ಯವಾಗಿ 20–25 ನ್ಯೂಟನ್ ಮೀಟರ್, ಆಯಾ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಬ್ರಾಕೆಟ್ ಬೋಲ್ಟನ್ನು ಫ್ಲೇಂಜ್ ಬಿಗಿದ ಮೇಲೆ ಕೊನೆಗೆ ಹಾಕಬೇಕು, ಮೊದಲೇ ಬಿಗಿದರೆ ಫ್ಲೇಂಜ್ ಎಳೆದಂತೆ ಕೂರುತ್ತದೆ.

ಗಾಡಿಯನ್ನು ವಂಟಮುರಿ ಘಾಟ್ ಹತ್ತಿಸಿ ಇಳಿಸಿ, ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟು, ರಾತ್ರಿ ತಣ್ಣಗಾದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ನೋಡಲಾಯಿತು; ಎರಡು ಸ್ವಲ್ಪ ಸಡಿಲಾಗಿದ್ದವು. ಆಮೇಲಿನ ರೀಡಿಂಗ್: ಐಡಲ್ ಮೊನಾಕ್ಸೈಡ್ 0.08%, ಹೈಡ್ರೋಕಾರ್ಬನ್ 45 ಪಿಪಿಎಂ, 2500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ 1.00. ಈ ಸಲ ಆಮ್ಲಜನಕ 0.3% ಇದ್ದುದರಿಂದ ಆ ಲ್ಯಾಂಬ್ಡಾವನ್ನು ನಂಬಬಹುದಿತ್ತು. ಹಿಂದಿನ ಸೆನ್ಸರ್‌ನ ಸ್ಪೇಸರ್ ತೆಗೆದದ್ದಾಯಿತು. ರೀಮ್ಯಾಪ್ ಫೈಲ್ ವಾಪಸ್ ಹಾಕಿಕೊಡಿ ಎಂದು ಮಾಲೀಕರು ಕೇಳಿದರು. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಸುರಿಯುವ ಆ ಫೈಲ್ ಇದ್ದರೆ ಕನ್ವರ್ಟರ್ ಹೆಚ್ಚು ಕಾಲ ಬಾಳುವುದಿಲ್ಲವೆಂದು ವಿವರಿಸಿ, ಗಾಡಿಯನ್ನು ಮೂಲ ಫೈಲ್‌ನಲ್ಲೇ ಬಿಟ್ಟುಕೊಡಲಾಯಿತು.